ಇಂಧನ ನೀತಿ, ಹವಾಮಾನ, ಮಾರುಕಟ್ಟೆ, ಭದ್ರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಧನದ ಮಾತು ಬಂದಾಗಲೆಲ್ಲ ಚರ್ಚೆ ಮೂರು ಕವಲಾಗುತ್ತದೆ. ಒಬ್ಬರಿಗೆ ಹವಾಮಾನದ ಚಿಂತೆ, ಇನ್ನೊಬ್ಬರಿಗೆ ಕಾರ್ಖಾನೆಯ ಲಾಭನಷ್ಟ, ಮತ್ತೊಬ್ಬರಿಗೆ ಯುದ್ಧದ ಭಯ. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡು ಹೋದರೂ ಅಡ್ಡಿಯಿಲ್ಲ.

## ಮೊದಲಿಗೆ ಕೇಳುವ ಪ್ರಶ್ನೆಗಳು

ಇಂಧನ ನೀತಿ ಎಂದರೆ ಪೆಟ್ರೋಲ್ ಮತ್ತು ವಿದ್ಯುತ್ ದರದ ವಿಷಯ ತಾನೆ? ಅದಕ್ಕೆ ಹವಾಮಾನ, ದೇಶದ ಭದ್ರತೆ ಎಲ್ಲವನ್ನೂ ಯಾಕೆ ಗಂಟು ಹಾಕುತ್ತೀರಿ?

ಗಂಟು ಹಾಕುವವರು ನಾವಲ್ಲ, ಅದು ಮೊದಲೇ ಬಿದ್ದಿರುತ್ತದೆ. ಒಂದು ಸರ್ಕಾರ ಪಕ್ಕದ ದೇಶದಿಂದ ಅನಿಲದ ಕೊಳವೆ ಹಾಕಿಸಲು ಒಪ್ಪಿತು ಎಂದುಕೊಳ್ಳಿ. ಸಹಿ ಒಂದೇ, ಆದರೆ ಅದು ಮೂರು ಲೆಕ್ಕಗಳಲ್ಲಿ ದಾಖಲಾಗುತ್ತದೆ. ಮೂವತ್ತು, ನಲವತ್ತು ವರ್ಷ ಆ ಅನಿಲ ಉರಿದು ಹೊಗೆಯಾಗುವುದು ಹವಾಮಾನದ ಲೆಕ್ಕ. ಅದರ ದರ ನೆಚ್ಚಿಕೊಂಡು ಗೊಬ್ಬರದ, ಗಾಜಿನ, ಉಕ್ಕಿನ ಕಾರ್ಖಾನೆಗಳು ಏಳುವುದು ಮಾರುಕಟ್ಟೆಯ ಲೆಕ್ಕ. ಕೊಳವೆಯ ಆ ತುದಿಯಲ್ಲಿ ಕವಾಟದ ಮೇಲೆ ಕೈಯಿಟ್ಟವರು ಯಾರು ಎಂಬುದು ಭದ್ರತೆಯ ಲೆಕ್ಕ. ಮನುಷ್ಯರು ಹೊರಹಾಕುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಧನದ ಉತ್ಪಾದನೆ ಮತ್ತು ಬಳಕೆಯಿಂದಲೇ ಬರುತ್ತದೆ. ಹೀಗಿರುವಾಗ ಹವಾಮಾನಕ್ಕೆ ಒಂದು ಇಲಾಖೆ, ಇಂಧನಕ್ಕೆ ಇನ್ನೊಂದು ಇಲಾಖೆ ಎಂದು ಕಚೇರಿಗಳನ್ನು ಬೇರೆ ಮಾಡಬಹುದು, ವಿಷಯವನ್ನು ಬೇರೆ ಮಾಡಲಾಗದು.

ನನ್ನ ಮಟ್ಟಿಗೆ ಇದು ಬಾಕಿಯ ಪ್ರಶ್ನೆ. ಇಂದಿನ ಬಿಲ್ಲಿನಲ್ಲಿ ಕಾಣದ ಮೊತ್ತವೊಂದು ಎಲ್ಲ ಬಗೆಯ ಇಂಧನದಲ್ಲೂ ಇರುತ್ತದೆ. ಅದನ್ನು ಯಾರು ತೀರಿಸುತ್ತಾರೆ, ಯಾವಾಗ ತೀರಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳುವುದು ನೀತಿಯ ಕೆಲಸ.

ನಮ್ಮ ನೆಲದಲ್ಲೇ ಎಲ್ಲ ಇಂಧನ ಸಿಕ್ಕರೆ ಅದೇ ಇಂಧನ ಭದ್ರತೆ ಅಲ್ಲವೇ?

ಅರ್ಧ ಸತ್ಯ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಬಳಿ ಒಳ್ಳೆಯ ಕಲ್ಲಿದ್ದಲು ಬೇಕಾದಷ್ಟಿತ್ತು, ತೈಲ ಇರಲಿಲ್ಲ. ಆದರೂ ನೌಕಾದಳದ ಹೊಣೆ ಹೊತ್ತಿದ್ದ ವಿನ್‌ಸ್ಟನ್ ಚರ್ಚಿಲ್ 1912ರ ಹೊತ್ತಿಗೆ ಹೊಸ ಯುದ್ಧನೌಕೆಗಳನ್ನು ತೈಲಕ್ಕೆ ಬದಲಿಸಲು ನಿರ್ಧರಿಸಿದರು. ತೈಲದ ಹಡಗು ಹೆಚ್ಚು ವೇಗವಾಗಿ ಓಡುತ್ತಿತ್ತು, ಸಮುದ್ರದ ನಡುವೆಯೇ ಇಂಧನ ತುಂಬಿಸಿಕೊಳ್ಳಬಹುದಿತ್ತು. ಮನೆಯ ಕಲ್ಲಿದ್ದಲನ್ನು ಬಿಟ್ಟು ಪರ್ಷಿಯಾದ ತೈಲವನ್ನು ನಂಬುವುದೇ ಎಂದು ಸಂಸತ್ತಿನಲ್ಲಿ ಪ್ರಶ್ನೆ ಎದ್ದಾಗ, 1913ರಲ್ಲಿ ಅವರು ಕೊಟ್ಟ ಉತ್ತರದ ತಿರುಳು ಇಷ್ಟು: ಒಂದೇ ದೇಶ, ಒಂದೇ ದಾರಿ, ಒಂದೇ ಬಾವಿಯನ್ನು ನೆಚ್ಚಬಾರದು, ವೈವಿಧ್ಯದಲ್ಲಿ ಮಾತ್ರ ಭದ್ರತೆ ಇದೆ. ಮರುವರ್ಷವೇ ಬ್ರಿಟಿಷ್ ಸರ್ಕಾರ ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯಲ್ಲಿ ಬಹುಪಾಲು ಷೇರು ಕೊಂಡಿತು. ವೈವಿಧ್ಯದ ಮಾತಾಡಿದ ಕೈಯಲ್ಲೇ ಒಂದು ಬಾವಿಯ ಮೇಲೆ ಹಿಡಿತವನ್ನೂ ಇಟ್ಟುಕೊಂಡರು ಎನ್ನಿ.

ಇಂಧನ ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ, ಒಂದು ಮೂಲ ನಿಂತರೆ ಇನ್ನೊಂದಕ್ಕೆ ಹೊರಳಲು ಎಷ್ಟು ದಿನ ಹಿಡಿಯುತ್ತದೆ ಎಂಬುದು ಒಳ್ಳೆಯ ಅಳತೆಗೋಲು.

1973ರ ತೈಲ ಬಿಕ್ಕಟ್ಟಿನ ಕಥೆಯನ್ನೇ ಎಲ್ಲರೂ ಎತ್ತುತ್ತಾರೆ. ಅಷ್ಟು ಹಳೆಯದು ಈಗ ಯಾಕೆ?

ಒಂದೇ ಪೆಟ್ಟಿಗೆ ಬೇರೆ ಬೇರೆ ದೇಶಗಳು ಕೊಟ್ಟ ಬೇರೆ ಬೇರೆ ಉತ್ತರಗಳ ಫಲ ಈಗ ಐವತ್ತು ವರ್ಷಗಳ ನಂತರ ಕಣ್ಣಮುಂದಿದೆ. ಇಂಥ ಪ್ರಯೋಗ ಮತ್ತೆ ಸಿಗುವುದಿಲ್ಲ. ಆ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು; ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ದರ ಕೆಲವೇ ತಿಂಗಳಲ್ಲಿ 12 ಡಾಲರಿನ ಆಸುಪಾಸಿಗೆ ಏರಿತು.

ಡೆನ್ಮಾರ್ಕ್ ಆಗ ತನ್ನ ಇಂಧನದ ಸುಮಾರು ಶೇ 90ರಷ್ಟನ್ನು ಆಮದು ತೈಲದಿಂದ ಪಡೆಯುತ್ತಿತ್ತು. ಭಾನುವಾರ ಕಾರು ಓಡಿಸುವಂತಿಲ್ಲ ಎಂದು ಸರ್ಕಾರ ಆದೇಶಿಸಿತು. ಖಾಲಿ ಹೆದ್ದಾರಿಯಲ್ಲಿ ಜನ ಸೈಕಲ್ ತುಳಿದರು. ಆಮೇಲೆ ಆ ದೇಶ ಮನೆಗಳಿಗೆ ಶಾಖ ಉಳಿಸುವ ಗೋಡೆ, ಊರಿಗೆಲ್ಲ ಒಂದೇ ಕಡೆಯಿಂದ ಬಿಸಿನೀರು ಹರಿಸುವ ಕೊಳವೆ, ಪವನಯಂತ್ರ ಎಂದು ಹಟ ಹಿಡಿದು ಕೂತಿತು. ಇಂದು ಅದರ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಗಾಳಿ ಮತ್ತು ಬಿಸಿಲಿನದು, ಪವನಯಂತ್ರ ಅದರ ದೊಡ್ಡ ರಫ್ತು. ಫ್ರಾನ್ಸ್ 1974ರಲ್ಲಿ ಅಣು ವಿದ್ಯುತ್ತಿಗೆ ಕೈಹಾಕಿ ಸುಮಾರು ಹದಿನೈದು ವರ್ಷದಲ್ಲಿ ತನ್ನ ವಿದ್ಯುತ್ತಿನ ಮುಕ್ಕಾಲು ಪಾಲನ್ನು ಅದರಿಂದಲೇ ಪಡೆಯತೊಡಗಿತು. ಬ್ರೆಜಿಲ್ 1975ರಲ್ಲಿ ಕಬ್ಬಿನಿಂದ ಎಥನಾಲ್ ತೆಗೆಯುವ ಕಾರ್ಯಕ್ರಮ ಶುರು ಮಾಡಿತು. ಜಪಾನ್ ಮಿತವ್ಯಯಕ್ಕಿಳಿಯಿತು, ಅದರ ಸಣ್ಣ ಕಾರುಗಳು ಅಮೆರಿಕದ ಮಾರುಕಟ್ಟೆಯನ್ನೇ ಗೆದ್ದವು. ಸಿರಿವಂತ ಆಮದು ದೇಶಗಳು ಸೇರಿ 1974ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯನ್ನು ಕಟ್ಟಿ, ನಿವ್ವಳ ಆಮದಿನ 90 ದಿನಗಳಷ್ಟು ತೈಲವನ್ನು ದಾಸ್ತಾನು ಇಡುವ ನಿಯಮ ಮಾಡಿಕೊಂಡವು.

ಗಮನಿಸಿ, ಇವರಲ್ಲಿ ಒಬ್ಬರೂ ಹವಾಮಾನದ ಹೆಸರು ಎತ್ತಿರಲಿಲ್ಲ. ಭಯದಿಂದ, ದುಡ್ಡಿನ ಚಿಂತೆಯಿಂದ ಮಾಡಿದ್ದು ಆಮೇಲೆ ಇಂಗಾಲದ ಲೆಕ್ಕದಲ್ಲಿ ಪುಣ್ಯವಾಗಿ ಜಮೆಯಾಯಿತು.

ಅಗ್ಗದ ಇಂಧನ ಇದ್ದವರೇ ಉದ್ಯಮದಲ್ಲಿ ಗೆಲ್ಲುತ್ತಾರೆ, ಅಲ್ಲವೇ?

ಯಾವ ಉದ್ಯಮ ಎಂದು ಮೊದಲು ಕೇಳಬೇಕು. ಒಂದು ಟನ್ ಅಲ್ಯೂಮಿನಿಯಂ ತೆಗೆಯಲು ಸುಮಾರು 14,000 ಯೂನಿಟ್ ವಿದ್ಯುತ್ ಬೇಕು. ಹಾಗಾಗಿ ಬಾಕ್ಸೈಟ್ ಅದಿರೇ ಇಲ್ಲದ ಐಸ್‌ಲ್ಯಾಂಡಿನಲ್ಲಿ ದೊಡ್ಡ ಅಲ್ಯೂಮಿನಿಯಂ ಕಾರ್ಖಾನೆಗಳಿವೆ. ಅಲ್ಲಿನ ಜಲವಿದ್ಯುತ್ತಿಗಾಗಿ ಕಚ್ಚಾವಸ್ತು ಸಮುದ್ರ ದಾಟಿ ಬರುತ್ತದೆ. ರಸಗೊಬ್ಬರದ ಮೂಲವಾದ ಅಮೋನಿಯಾಕ್ಕೆ ನೈಸರ್ಗಿಕ ಅನಿಲವೇ ಉರುವಲು, ಅದೇ ಕಚ್ಚಾವಸ್ತು. ಅನಿಲದ ದರ ಏರಿದ ಮೇಲೆ ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನಲ್ಲಿ ದೈತ್ಯ ರಾಸಾಯನಿಕ ಸಂಕೀರ್ಣ ನಡೆಸುವ ಬಿಎಎಸ್ಎಫ್ ಕಂಪನಿ ಅಲ್ಲಿನ ತನ್ನ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ 2023ರಲ್ಲಿ ಪ್ರಕಟಿಸಿತು. ಅಮೋನಿಯಾ ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಬಂದದ್ದು ಅದೇ ಕಂಪನಿಯ ಕೈಯಲ್ಲಿ ಎಂಬುದನ್ನು ನೆನೆದರೆ ಆ ಸುದ್ದಿಯ ತೂಕ ತಿಳಿಯುತ್ತದೆ.

ಆದರೆ ಬಹುಪಾಲು ಉದ್ಯಮಗಳಲ್ಲಿ ಇಂಧನ ಒಟ್ಟು ಖರ್ಚಿನ ಸಣ್ಣ ಪಾಲು. ಅಲ್ಲಿ ಕುಶಲತೆ, ಬಂಡವಾಳ, ಮಾರುಕಟ್ಟೆಗೆ ಹತ್ತಿರವಿರುವುದು ಹೆಚ್ಚು ಮುಖ್ಯ. ದರ ಹೆಚ್ಚಿದ್ದರೂ ಸ್ಥಿರವಾಗಿದ್ದರೆ ಉದ್ಯಮಿ ಹೊಂದಿಕೊಳ್ಳುತ್ತಾನೆ. ಇಂದು ಒಂದು, ನಾಳೆ ಒಂದು ಆದರೆ ಹೂಡಿಕೆಗೇ ಕೈ ಹಾಕುವುದಿಲ್ಲ.

## ಸ್ವಲ್ಪ ಬಿಸಿ ಏರಿದ ಪ್ರಶ್ನೆಗಳು

2022ರಲ್ಲಿ ಯುರೋಪಿಗೆ ಪೆಟ್ಟು ಬಿದ್ದದ್ದು ಹಸಿರಿನ ಹುಚ್ಚಿನಿಂದ ಎಂದು ಒಬ್ಬರು, ಅನಿಲದ ಚಟದಿಂದ ಎಂದು ಇನ್ನೊಬ್ಬರು. ಯಾರ ಮಾತು ನಂಬಬೇಕು?

ಎರಡನೆಯವರದ್ದನ್ನು ಹೆಚ್ಚಾಗಿ, ಮೊದಲನೆಯವರದ್ದನ್ನೂ ಸ್ವಲ್ಪ. 2021ರಲ್ಲಿ ಐರೋಪ್ಯ ಒಕ್ಕೂಟ ಆಮದು ಮಾಡಿಕೊಂಡ ಅನಿಲದಲ್ಲಿ ಸುಮಾರು ಶೇ 45 ರಷ್ಯಾದ್ದು. ಜರ್ಮನಿಯಲ್ಲಿ ಆ ಪಾಲು ಅರ್ಧವನ್ನೂ ದಾಟಿತ್ತು. ಹಡಗಿನಲ್ಲಿ ಬರುವ ದ್ರವೀಕೃತ ಅನಿಲವನ್ನು ಇಳಿಸಿಕೊಳ್ಳಲು ಆ ದೇಶಕ್ಕೆ ಸ್ವಂತ ಬಂದರು ಟರ್ಮಿನಲ್ ಒಂದೂ ಇರಲಿಲ್ಲ. ಕೊಳವೆಯ ಅನಿಲ ಅಗ್ಗ, ಟರ್ಮಿನಲ್ ದುಬಾರಿ ಎಂದು ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪಿರಲಿಲ್ಲ, ಅಪಾಯದ ಕಲಂ ಮಾತ್ರ ಖಾಲಿ ಬಿಟ್ಟಿದ್ದರು. ಉಕ್ರೇನ್ ಯುದ್ಧ ಶುರುವಾಗಿ ರಷ್ಯಾ ಅನಿಲ ಕಡಿತ ಮಾಡಿದಾಗ, ಮೆಗಾವ್ಯಾಟ್ ಗಂಟೆಗೆ 20 ಯೂರೋ ಆಸುಪಾಸಿನಲ್ಲಿ ಬಹುಕಾಲ ಇದ್ದ ಅನಿಲದ ದರ 2022ರ ಆಗಸ್ಟಿನಲ್ಲಿ 300 ಯೂರೋ ದಾಟಿತು.

ಅದೇ ವರ್ಷ ಬರದಿಂದ ಜಲಾಶಯಗಳು ಸೊರಗಿದವು. ಕೊಳವೆಗಳಲ್ಲಿ ತುಕ್ಕಿನ ಬಿರುಕು ಕಂಡು ಫ್ರಾನ್ಸಿನ ಹಲವು ಅಣು ಸ್ಥಾವರಗಳು ನಿಂತವು. ಇಂಥ ಹೊತ್ತಿನಲ್ಲೂ ಜರ್ಮನಿ ತನ್ನ ಕೊನೆಯ ಮೂರು ಅಣು ಸ್ಥಾವರಗಳನ್ನು ಕೆಲ ತಿಂಗಳಷ್ಟೇ ಮುಂದೂಡಿ 2023ರ ಏಪ್ರಿಲಿನಲ್ಲಿ ಮುಚ್ಚಿತು. ಅನಿಲ ಸಿಗದ ಕಾಲದಲ್ಲಿ ನಡೆಯುತ್ತಿರುವ, ಹೊಗೆಯಿಲ್ಲದ ಸ್ಥಾವರವನ್ನು ಮುಚ್ಚಿದ್ದನ್ನು ನಾನಂತೂ ಸಮರ್ಥಿಸಲಾರೆ.

ಯುರೋಪ್ ಉಳಿದದ್ದು ಹೇಗೆ? ಬಳಕೆ ಇಳಿಸಿ, ಹಡಗಿನ ಅನಿಲವನ್ನು ಎಷ್ಟಾದರೂ ಕೊಟ್ಟು ಕೊಂಡು, ಪವನ ಮತ್ತು ಸೌರ ಘಟಕಗಳನ್ನು ಅವಸರದಿಂದ ಕಟ್ಟಿ. ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ತೇಲುವ ಟರ್ಮಿನಲ್ ಅದೇ ಡಿಸೆಂಬರಿನಲ್ಲಿ ಸಿದ್ಧವಾಯಿತು. ಹತ್ತಾರು ವರ್ಷ ಆಗದು ಎನ್ನುತ್ತಿದ್ದ ಕೆಲಸ ಹತ್ತು ತಿಂಗಳಲ್ಲಿ ಮುಗಿಯಿತು.

ಗಾಳಿ, ಬಿಸಿಲಿನ ವಿದ್ಯುತ್ ಅಗ್ಗ ಎನ್ನುತ್ತೀರಿ. ಹಾಗಾದರೆ ಬಿಲ್ಲು ಯಾಕೆ ಇಳಿಯುವುದಿಲ್ಲ?

ನ್ಯಾಯವಾದ ಸಿಟ್ಟು. ಯುರೋಪಿನಂಥ ವಿದ್ಯುತ್ ಮಾರುಕಟ್ಟೆಯಲ್ಲಿ ನಾಳೆ ಸಂಜೆ ಏಳು ಗಂಟೆಯ ವಿದ್ಯುತ್ತಿಗೆ ಇಂದೇ ಹರಾಜು ನಡೆಯುತ್ತದೆ. ಆ ಗಂಟೆಗೆ 100 ಪಾಲು ಬೇಕು ಎನ್ನೋಣ. ಪವನದವರು 40 ಪಾಲನ್ನು ಹೆಚ್ಚುಕಡಿಮೆ ಪುಕ್ಕಟೆಗೆ ಕೊಡುತ್ತೇವೆ ಎನ್ನುತ್ತಾರೆ, ಏಕೆಂದರೆ ಗಾಳಿಗೆ ಖರ್ಚಿಲ್ಲ. ಅಣು ಸ್ಥಾವರದವರು 2ರ ದರದಲ್ಲಿ 30 ಪಾಲು, ಜಲವಿದ್ಯುತ್ತಿನವರು 4ರ ದರದಲ್ಲಿ 20 ಪಾಲು ಒಪ್ಪುತ್ತಾರೆ. ಇನ್ನೂ 10 ಪಾಲು ಕೊರತೆ. ಅನಿಲ ಸ್ಥಾವರದವನು 9ಕ್ಕೆ ಕೊಡುತ್ತೇನೆ ಎನ್ನುತ್ತಾನೆ. ಅವನನ್ನು ಬಿಟ್ಟರೆ ದೀಪ ಆರುತ್ತದೆ, ಹಾಗಾಗಿ ಒಪ್ಪಲೇಬೇಕು. ಆಗ ನಿಯಮದ ಪ್ರಕಾರ ನೂರು ಪಾಲಿಗೂ 9ರ ದರವೇ. ಕೊನೆಗೆ ಬಂದವನು ಎಲ್ಲರ ದರ ನಿಗದಿ ಮಾಡಿ ಹೋಗುತ್ತಾನೆ.

ಇದು ಮೋಸದಂತೆ ಕಂಡರೂ, ಅಗ್ಗವಾಗಿ ಉತ್ಪಾದಿಸುವವರಿಗೆ ಲಾಭ ಸಿಕ್ಕಿ ಅವರು ಇನ್ನಷ್ಟು ಕಟ್ಟಲಿ ಎಂಬುದು ನಿಯಮದ ಉದ್ದೇಶ. ಅನಿಲ ಬೇಕಾಗದ ಗಂಟೆಗಳು ಹೆಚ್ಚಿದಂತೆ ಸಗಟು ದರ ಇಳಿಯುತ್ತದೆ. ಸ್ಪೇನಿನಲ್ಲಿ ಇದು ಕಾಣುತ್ತಿದೆ. ಜೊತೆಗೆ ಬಿಲ್ಲಿನಲ್ಲಿ ತಂತಿ, ಕಂಬ, ತೆರಿಗೆ, ಹಳೆಯ ಸಬ್ಸಿಡಿಯ ಬಾಕಿ ಎಲ್ಲವೂ ಸೇರಿರುತ್ತವೆ. ಉತ್ಪಾದನೆ ಅಗ್ಗವಾದರೂ ಸಾಗಣೆ ತುಟ್ಟಿಯಾದರೆ ನಿಮ್ಮ ಕೈಗೆ ಬರುವ ಕಾಗದದಲ್ಲಿ ವ್ಯತ್ಯಾಸ ಕಾಣದು.

ಅಮೆರಿಕದ ಟೆಕ್ಸಾಸ್‌ನಲ್ಲಿ 2021ರ ಕಡುಚಳಿಯಲ್ಲಿ ಕತ್ತಲಾದದ್ದು ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದರಿಂದ ತಾನೆ?

ಕೆಲವು ಹೆಪ್ಪುಗಟ್ಟಿದ್ದು ನಿಜ. ಆದರೆ ಅತಿ ದೊಡ್ಡ ನಷ್ಟ ಅನಿಲದ ಕಡೆಯದು, ಅದೂ ಅನಿಲಕ್ಕೆ ಹೆಸರಾದ ನೆಲದಲ್ಲಿ. ಫೆಬ್ರುವರಿ 15ರ ನಸುಕಿನಲ್ಲಿ, ರಾತ್ರಿ ಎರಡು ಗಂಟೆಯ ಸುಮಾರಿಗೆ ನಿಯಂತ್ರಣ ಕೊಠಡಿಯಲ್ಲಿ ನಡೆದದ್ದನ್ನು ನೋಡಿ. ವಿದ್ಯುತ್ ಜಾಲದ ಆವರ್ತನ, ಅಂದರೆ ಅದರ ಮಿಡಿತ, 60 ಹರ್ಟ್ಸ್ (ಸೆಕೆಂಡಿಗೆ 60 ಸಲ) ಇರಬೇಕು; ಬೇಡಿಕೆಗೆ ಉತ್ಪಾದನೆ ಸಾಲದಾದರೆ ಅದು ಇಳಿಯುತ್ತದೆ. ಸ್ಥಾವರಗಳು ಒಂದೊಂದಾಗಿ ಕಳಚಿಕೊಂಡಂತೆ ಅದು 59.4ಕ್ಕಿಂತ ಕೆಳಗಿಳಿಯಿತು, 59.3ರವರೆಗೂ ಜಾರಿತು. 59.4ರ ಕೆಳಗೆ ಒಂಬತ್ತು ನಿಮಿಷ ಉಳಿದರೆ ಉಳಿದ ಸ್ಥಾವರಗಳೂ ತಮ್ಮನ್ನು ತಾವು ಉಳಿಸಿಕೊಳ್ಳಲು ತಾವಾಗಿಯೇ ಬಂದ್ ಆಗುವಂತೆ ವ್ಯವಸ್ಥೆ ಮಾಡಿರುತ್ತಾರೆ. ಹಾಗಾದರೆ ಇಡೀ ಜಾಲ ಸತ್ತಂತೆ. ಮತ್ತೆ ಎಬ್ಬಿಸಲು ವಾರಗಳೇ ಬೇಕಾಗಬಹುದು. ಸಿಬ್ಬಂದಿ ಲಕ್ಷಾಂತರ ಮನೆಗಳ ಸಂಪರ್ಕ ಕಡಿಯುತ್ತಾ ಹೋದರು. 4 ನಿಮಿಷ 23 ಸೆಕೆಂಡಿಗೆ ಆವರ್ತನ ಮೇಲೆದ್ದಿತು. ಉಳಿದದ್ದು 4 ನಿಮಿಷ 37 ಸೆಕೆಂಡು.

ಆದರೆ ಹಾಗೆ ಕಡಿದ ಸಂಪರ್ಕಗಳಲ್ಲಿ ಅನಿಲ ಬಾವಿಗಳ, ಅನಿಲವನ್ನು ಕೊಳವೆಗೆ ತಳ್ಳುವ ಯಂತ್ರಗಳ ಸಂಪರ್ಕವೂ ಸೇರಿತ್ತು. ಅತ್ಯಗತ್ಯ ಗ್ರಾಹಕರ ಪಟ್ಟಿಯಲ್ಲಿ ತಮ್ಮನ್ನು ಸೇರಿಸಿ ಎಂದು ಅವುಗಳ ಮಾಲೀಕರು ಅರ್ಜಿಯನ್ನೇ ಕೊಟ್ಟಿರಲಿಲ್ಲ. ವಿದ್ಯುತ್ ಇಲ್ಲದೆ ಅನಿಲ ನಿಂತಿತು, ಅನಿಲ ಇಲ್ಲದೆ ವಿದ್ಯುತ್ ನಿಂತಿತು. ಅಧಿಕೃತ ಲೆಕ್ಕದಂತೆ 246 ಜನ ಸತ್ತರು. ಚಳಿಗೆ ಯಂತ್ರಗಳನ್ನು ಸಜ್ಜುಗೊಳಿಸಿ ಎಂದು 2011ರ ಹಿಮಪಾತದ ನಂತರವೇ ವರದಿ ಬಂದಿತ್ತು. ಖರ್ಚು ಉಳಿಸಲು ಅದನ್ನು ಬದಿಗಿಟ್ಟಿದ್ದರು; ನೆರೆಯ ಜಾಲಗಳ ಜೊತೆ ಗಟ್ಟಿ ಸಂಪರ್ಕವೂ ಇರಲಿಲ್ಲ. ಬಿಲ್ಲಿನಲ್ಲಿ ಕಾಣದ ಬಾಕಿ ಎಂದೆನಲ್ಲ, ಅದು ಇಂಥದ್ದು.

ಗಾಳಿಯೂ ಇಲ್ಲ, ಬಿಸಿಲೂ ಇಲ್ಲ ಎಂಬ ದಿನ ಏನು ಮಾಡುವುದು?

ಒಂದು ರಾತ್ರಿಯ ಕೊರತೆಗೆ ಬ್ಯಾಟರಿ ಸಾಕು. 2010ರಿಂದೀಚೆಗೆ ಲಿಥಿಯಂ ಬ್ಯಾಟರಿಯ ಬೆಲೆ ಸುಮಾರು ಶೇ 90 ಇಳಿದಿದೆ. ಎರಡು ಮೂರು ದಿನಕ್ಕೆ ಜಲಾಶಯ, ದೂರದ ಜಾಲಗಳ ಸಂಪರ್ಕ, ಬಳಕೆಯ ಸಮಯ ಬದಲಿಸುವುದು ನೆರವಾಗುತ್ತವೆ. ಚಳಿಗಾಲದಲ್ಲಿ ಎರಡು ವಾರ ಮೋಡ ಕವಿದು ಗಾಳಿ ನಿಂತರೆ ಮಾತ್ರ ಕಷ್ಟ; ಅದಕ್ಕೆ ಅನಿಲವೋ ಅಣುವೋ ದೊಡ್ಡ ಜಲಾಶಯವೋ ಇರಲೇಬೇಕು. ಇಲ್ಲ ಎನ್ನುವವರು ಚಳಿದೇಶದ ಲೆಕ್ಕ ನೋಡಿಲ್ಲ.

ಇನ್ನೊಂದು ತೊಡಕು ಕಡಿಮೆ ಜನಕ್ಕೆ ಗೊತ್ತು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಮಟಮಟ ಮಧ್ಯಾಹ್ನ ಕತ್ತಲಾದಾಗ ಬಿಸಿಲಿಗೆ ಬರ ಇರಲಿಲ್ಲ. ವೋಲ್ಟೇಜ್ ಮಿತಿಮೀರಿ ಏರಿತು, ಅದನ್ನು ಹಿಡಿದಿಡುವ ವ್ಯವಸ್ಥೆ ಸಾಲದಾಯಿತು, ಒಂದರ ಹಿಂದೊಂದು ಸ್ಥಾವರ ಕಳಚಿತು. ವೋಲ್ಟೇಜ್ ಹಿಡಿದಿಡುವಂಥ, ಹಳೆಯ ಸ್ಥಾವರಗಳಲ್ಲಿ ತಿರುಗುವ ಭಾರೀ ಯಂತ್ರಗಳು ಕೇಳದೆಯೇ ಮಾಡುತ್ತಿದ್ದ ಕೆಲಸಗಳನ್ನು ಹೊಸ ಜಾಲದಲ್ಲಿ ಕೇಳಿ, ಹಣ ಕೊಟ್ಟು ಮಾಡಿಸಿಕೊಳ್ಳಬೇಕು.

ಅನಿಲ ಕಲ್ಲಿದ್ದಲಿಗಿಂತ ಶುದ್ಧ. ಸದ್ಯಕ್ಕೆ ಅದಕ್ಕೇ ಬದಲಾದರೆ ಸಾಲದೇ?

ಉರಿಯುವಾಗ ಹೌದು, ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಆದರೆ ಬಾವಿಯಿಂದ ಒಲೆಯವರೆಗಿನ ದಾರಿಯಲ್ಲಿ ಸೋರಿದರೆ ಲೆಕ್ಕ ತಲೆಕೆಳಗು. ಅನಿಲ ಎಂದರೆ ಬಹುಪಾಲು ಮೀಥೇನ್. ಇಪ್ಪತ್ತು ವರ್ಷದ ಅವಧಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಸೋರಿಕೆ ತಡೆದ ಅನಿಲ, ತಡೆಯದ ಅನಿಲ ಎರಡೂ ಒಂದೇ ಅಲ್ಲ.

## ತಲೆಕೆಡಿಸುವ ಪ್ರಶ್ನೆಗಳು

ತೈಲದವರ ಹಂಗು ಬಿಟ್ಟು ಚೀನಾದ ಹಂಗಿಗೆ ಬಿದ್ದರೆ ಏನು ಸಾಧಿಸಿದಂತಾಯಿತು?

ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಸೌರ ಫಲಕ ತಯಾರಿಕೆಯ ಪ್ರತಿಯೊಂದು ಹಂತದಲ್ಲೂ ಚೀನಾದ ಪಾಲು ಶೇ 80ಕ್ಕಿಂತ ಹೆಚ್ಚು. ಬಲವಾದ ಅಯಸ್ಕಾಂತಗಳಿಗೆ ಬೇಕಾದ ವಿರಳ ಭೂಖನಿಜಗಳ ಶುದ್ಧೀಕರಣದಲ್ಲೂ ಅದರದ್ದೇ ಮೇಲುಗೈ. ತೈಲ ರಫ್ತು ದೇಶಗಳ ಕೂಟಕ್ಕೂ ಎಂದೂ ಇಷ್ಟು ಹಿಡಿತ ಇರಲಿಲ್ಲ.

ಆದರೂ ಎರಡು ಹಂಗುಗಳು ಒಂದೇ ಜಾತಿಯವಲ್ಲ. ತೈಲ ಹರಿವು, ಇಂದು ನಿಂತರೆ ದಾಸ್ತಾನು ಮುಗಿಯುತ್ತಿದ್ದಂತೆ ಬಸ್ಸು ನಿಲ್ಲುತ್ತದೆ. ಫಲಕ ಆಸ್ತಿ, ಮಾರುವವನು ಇಂದು ಮುನಿಸಿಕೊಂಡರೂ ಚಾವಣಿಯ ಮೇಲಿರುವುದು ಇಪ್ಪತ್ತೈದು ವರ್ಷ ಉರಿಬಿಸಿಲಿನಲ್ಲಿ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ನಿಲ್ಲುವುದು ಹೊಸ ಫಲಕದ ಕೆಲಸ ಮಾತ್ರ. ಆ ವಿರಾಮದಲ್ಲಿ ಬೇರೆ ದಾರಿ ಹುಡುಕಲು ಸಮಯ ಸಿಗುತ್ತದೆ.

ಹಾಗೆಂದು ಕಣ್ಣು ಮುಚ್ಚುವಂತಿಲ್ಲ. 2010ರಲ್ಲಿ ಹಡಗುಗಳ ಡಿಕ್ಕಿಯಿಂದ ಎದ್ದ ಜಗಳದ ನಡುವೆ ಜಪಾನಿಗೆ ಚೀನಾದ ವಿರಳ ಭೂಖನಿಜಗಳ ಪೂರೈಕೆ ನಿಂತಿತು. ಜಪಾನ್ ಆಸ್ಟ್ರೇಲಿಯಾದ ಗಣಿಯಲ್ಲಿ ಹಣ ಹೂಡಿತು, ಕಡಿಮೆ ಖನಿಜದಲ್ಲಿ ಅಯಸ್ಕಾಂತ ಮಾಡುವುದನ್ನು ಕಲಿಯಿತು, ದಾಸ್ತಾನು ಕಟ್ಟಿತು. ಅವಲಂಬನೆ ಶೇ 90ರ ಮಟ್ಟದಿಂದ ಶೇ 60ರ ಸುಮಾರಿಗೆ ಇಳಿಯಿತು. ಉಳಿದ ದೇಶಗಳು ಬೆಲೆ ಇಳಿದದ್ದೇ ತಡ ಮರೆತವು. 2025ರ ಏಪ್ರಿಲಿನಲ್ಲಿ ಚೀನಾ ಏಳು ಬಗೆಯ ವಿರಳ ಭೂಖನಿಜಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಕೆಲವು ಕಾರು ಕಾರ್ಖಾನೆಗಳು ಕೆಲದಿನ ನಿಂತವು. ಪೂರ್ತಿ ಸ್ವಾವಲಂಬನೆಯ ಹಟದಲ್ಲಿ ಎಲ್ಲವನ್ನೂ ಮೂರು ಪಟ್ಟು ಬೆಲೆಗೆ ಮನೆಯಲ್ಲೇ ಮಾಡುವುದು ಹುಚ್ಚು. ಕತ್ತು ಹಿಸುಕಬಲ್ಲ ನಾಲ್ಕೈದು ವಸ್ತುಗಳನ್ನು ಗುರುತಿಸಿ ಅವಕ್ಕೆ ಮಾತ್ರ ಎರಡನೇ ಮೂಲ ಕಟ್ಟಿಕೊಳ್ಳುವುದು ಬುದ್ಧಿವಂತಿಕೆ.

ಯುರೋಪ್ ಗಡಿಯಲ್ಲಿ ಹಾಕುವ ಇಂಗಾಲ ಶುಲ್ಕ ಹವಾಮಾನಕ್ಕಾಗಿಯೋ, ಅವರ ಕಾರ್ಖಾನೆ ಉಳಿಸಲೋ?

ಎರಡಕ್ಕೂ, ಅದರಲ್ಲಿ ಗುಟ್ಟೇನಿಲ್ಲ. ಯುರೋಪಿನ ದೊಡ್ಡ ಉದ್ಯಮಗಳು 2005ರಿಂದ ತಾವು ಹೊರಬಿಡುವ ಇಂಗಾಲಕ್ಕೆ ಪರವಾನಗಿ ಹೊಂದಿರಬೇಕು. ಉಕ್ಕಿನವರು ಬೇರೆಡೆಗೆ ಓಡಿಹೋಗಬಾರದು ಎಂದು ಅವರಿಗೆ ಬಹಳಷ್ಟು ಪರವಾನಗಿಗಳನ್ನು ಪುಕ್ಕಟೆ ಕೊಡುತ್ತಾ ಬಂದರು. ಪುಕ್ಕಟೆ ನಿಲ್ಲಿಸದೆ ಹೊಗೆ ಇಳಿಯದು. ನಿಲ್ಲಿಸಿದರೆ ಹೊರಗಿನ ಅಗ್ಗದ ಉಕ್ಕು ನುಗ್ಗುತ್ತದೆ. ಹೊರಗಿನಿಂದ ಬರುವ ಸರಕಿನ ಇಂಗಾಲಕ್ಕೂ ದರ ಕಟ್ಟುವ ಗಡಿ ಶುಲ್ಕ ಈ ಬಿಕ್ಕಟ್ಟಿಗೆ ಕೊಟ್ಟ ಉತ್ತರ. 2023ರ ಅಕ್ಟೋಬರಿನಿಂದ ಬರೀ ಲೆಕ್ಕ ಒಪ್ಪಿಸುವ ಹಂತ, 2026ರ ಜನವರಿಯಿಂದ ಹಣದ ಹೊಣೆಯ ಹಂತ. ಸಿಮೆಂಟ್, ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ವಿದ್ಯುತ್, ಹೈಡ್ರೋಜನ್ ಇದರ ವ್ಯಾಪ್ತಿಯಲ್ಲಿವೆ.

ಶತಮಾನಗಳ ಕಾಲ ಹೊಗೆ ಬಿಟ್ಟು ಸಿರಿವಂತರಾದವರು ಈಗ ಏಳುತ್ತಿರುವವರಿಗೆ ಶುಲ್ಕ ಹಾಕುವುದು ಯಾವ ನ್ಯಾಯ ಎಂದು ರಫ್ತು ದೇಶಗಳು ಕೇಳುವುದರಲ್ಲಿ ಹುರುಳಿದೆ. ಇದರ ಜಾಣ ತಿರುವೊಂದಿದೆ: ರಫ್ತು ದೇಶ ತಾನೇ ಇಂಗಾಲಕ್ಕೆ ದರ ಹಾಕಿದ್ದರೆ ಅಷ್ಟನ್ನು ಶುಲ್ಕದಲ್ಲಿ ಕಳೆಯುತ್ತಾರೆ. ಹೇಗೂ ಕೊಡಬೇಕಾದ ಹಣ ಅವರ ಖಜಾನೆಗೆ ಹೋಗುವ ಬದಲು ನಮ್ಮ ಖಜಾನೆಗೇ ಬರಲಿ ಎಂಬ ಯೋಚನೆ ಅಲ್ಲಲ್ಲಿ ಮೊಳೆತಿದೆ.

ಇಂಗಾಲ ತೆರಿಗೆ ಹಾಕಿದರೆ ಜನ ಬೀದಿಗಿಳಿಯುತ್ತಾರೆ, ಸಬ್ಸಿಡಿ ಕೊಟ್ಟರೆ ಖಜಾನೆ ಬರಿದಾಗುತ್ತದೆ. ಸರ್ಕಾರ ಮಾಡಬೇಕಾದದ್ದೇನು?

ಸ್ವೀಡನ್ 1991ರಲ್ಲಿ ಇಂಗಾಲ ತೆರಿಗೆ ತಂದಾಗ ಬೇರೆ ತೆರಿಗೆಗಳನ್ನು ಇಳಿಸಿತು, ಉದ್ಯಮಕ್ಕೆ ಮೊದಲು ಕಡಿಮೆ ದರ ಇಟ್ಟು ನಿಧಾನವಾಗಿ ಏರಿಸಿತು. ಜನರಿಗೆ ಬೆಚ್ಚಗಿನ ನೀರಿನ ಕೊಳವೆಯಂಥ ಪರ್ಯಾಯವೂ ಕೈಗೆಟುಕುವಂತಿತ್ತು. ಫ್ರಾನ್ಸ್ 2018ರಲ್ಲಿ ಡೀಸೆಲ್ ತೆರಿಗೆ ಏರಿಸಲು ಹೊರಟಾಗ ಬಸ್ಸೂ ಬಾರದ ಹಳ್ಳಿಗಾಡಿನವರಿಗೆ ಕಾರಿನ ಹೊರತು ದಾರಿಯಿರಲಿಲ್ಲ. ಹಳದಿ ಅಂಗಿ ತೊಟ್ಟು ರಸ್ತೆ ತಡೆದರು, ಸರ್ಕಾರ ಹಿಂದೆ ಸರಿಯಿತು. ಕೆನಡಾ ತೆರಿಗೆಯ ಹಣವನ್ನು ಮನೆಮನೆಗೆ ಮರಳಿಸುತ್ತಿತ್ತು. ತೆರಿಗೆ ಎಲ್ಲರ ಕಣ್ಣಿಗೂ ಬಿತ್ತು, ಮರಳಿ ಬಂದ ಹಣ ಯಾರಿಗೂ ನೆನಪಿರಲಿಲ್ಲ. 2025ರ ಏಪ್ರಿಲಿನಲ್ಲಿ ಸಾಮಾನ್ಯ ಗ್ರಾಹಕರ ಮೇಲಿನ ಆ ತೆರಿಗೆ ನಿಂತಿತು.

ಅಮೆರಿಕ 2022ರಲ್ಲಿ ತೆರಿಗೆಯ ಗೋಜಿಗೇ ಹೋಗದೆ ರಿಯಾಯಿತಿಯ ದಾರಿ ಹಿಡಿಯಿತು, ಕಾರ್ಖಾನೆಗಳು ಧಾವಿಸಿದವು. ಸರ್ಕಾರ ಬದಲಾಗಿ 2025ರಲ್ಲಿ ಅದರಲ್ಲಿ ಬಹಳಷ್ಟನ್ನು ಕತ್ತರಿಸಿದ್ದೂ ಆಯಿತು. ಪಳೆಯುಳಿಕೆ ಇಂಧನಕ್ಕೂ ಸಬ್ಸಿಡಿ ಕಡಿಮೆಯೇನಲ್ಲ: 2022ರಲ್ಲಿ ಜಗತ್ತಿನ ಸರ್ಕಾರಗಳು ಅದರ ಬಳಕೆಗೆ ಸುರಿದದ್ದು 1 ಲಕ್ಷ ಕೋಟಿ ಡಾಲರಿಗೂ ಹೆಚ್ಚು. ತೆರಿಗೆ, ಸಬ್ಸಿಡಿ ಎರಡರಲ್ಲಿ ಯಾವುದು ಎಂಬುದಕ್ಕಿಂತ ಪರ್ಯಾಯ ಮೊದಲು, ಬರೆ ಆಮೇಲೆ ಎಂಬ ಕ್ರಮ ಮುಖ್ಯ ಎನಿಸುತ್ತದೆ.

ಅಣು ವಿದ್ಯುತ್ ಇದ್ದರೆ ಮೂರೂ ಸಮಸ್ಯೆ ಒಟ್ಟಿಗೆ ತೀರುವುದಿಲ್ಲವೇ?

ಕಟ್ಟಿ ಮುಗಿದ ಸ್ಥಾವರದ ಬಗ್ಗೆ ಹಾಗೆ ಹೇಳಬಹುದು. ಕಟ್ಟುವುದೇ ಕಷ್ಟ. ಫ್ರಾನ್ಸಿನ ಫ್ಲಾಮನ್‌ವಿಲ್ 3 ಕಾಮಗಾರಿ 2007ರಲ್ಲಿ ಶುರುವಾಗಿ ಜಾಲಕ್ಕೆ ಸೇರಿದ್ದು 2024ರ ಡಿಸೆಂಬರಿನಲ್ಲಿ, ಹನ್ನೆರಡು ವರ್ಷ ತಡವಾಗಿ. ಮೊದಲು 330 ಕೋಟಿ ಯೂರೋ ಎಂದದ್ದು 1,300 ಕೋಟಿ ದಾಟಿತು. ಅತ್ತ ಸಂಯುಕ್ತ ಅರಬ್ ಎಮಿರೇಟ್ಸ್‌ನ ಬರಾಕಾದಲ್ಲಿ ಕೊರಿಯಾದವರು 2012ರಲ್ಲಿ ಶುರು ಮಾಡಿ ನಾಲ್ಕು ಘಟಕಗಳನ್ನು 2024ರೊಳಗೆ ನಡೆಸಿ ತೋರಿಸಿದರು. ಒಂದೇ ವಿನ್ಯಾಸವನ್ನು ಬಿಡದೆ ಕಟ್ಟುತ್ತಾ ಬಂದವರ ಕೈ ಪಳಗಿರುತ್ತದೆ.

ಭದ್ರತೆಯ ಮಾತು ಬಂದರೆ, ಯುರೇನಿಯಂ ಸಂವರ್ಧನೆಯ, ಅಂದರೆ ಅದನ್ನು ಸ್ಥಾವರದ ಉರುವಲಾಗಿ ಹದಗೊಳಿಸುವ, ಜಗತ್ತಿನ ಸಾಮರ್ಥ್ಯದಲ್ಲಿ ಸುಮಾರು ಶೇ 40 ರಷ್ಯಾದ ಬಳಿ ಇದೆ. ಯುರೋಪಿನ ಅತಿ ದೊಡ್ಡ ಅಣು ಸ್ಥಾವರವಾದ ಉಕ್ರೇನಿನ ಝಪೊರಿಝಿಯಾ 2022ರ ಮಾರ್ಚಿನಿಂದ ರಷ್ಯಾದ ಸೈನಿಕರ ವಶದಲ್ಲಿದೆ.

ಯುದ್ಧ ಬಂದರೆ ಯಾವ ವಿದ್ಯುತ್ ವ್ಯವಸ್ಥೆ ತಡೆದುಕೊಳ್ಳುತ್ತದೆ?

ಉಕ್ರೇನನ್ನೇ ನೋಡಬೇಕು. 2015ರ ಡಿಸೆಂಬರ್ 23ರಂದು ಅಲ್ಲಿನ ಸಿಬ್ಬಂದಿಯ ಕಣ್ಣೆದುರೇ ಪರದೆಯ ಮೇಲಿನ ಬಾಣದ ಗುರುತು ತಾನಾಗಿ ಓಡಾಡಿ ಒಂದೊಂದೇ ಉಪಕೇಂದ್ರವನ್ನು ಬಂದ್ ಮಾಡಿತು. ದೂರದಲ್ಲೆಲ್ಲೋ ಕುಳಿತವರು ಕಂಪ್ಯೂಟರಿಗೆ ನುಗ್ಗಿದ್ದರು. ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲಲ್ಲಿ ಉಳಿದರು. ಕೆಲವೇ ಗಂಟೆಗಳಲ್ಲಿ ಬೆಳಕು ಬಂದದ್ದು ಹೇಗೆಂದರೆ, ಜನ ವ್ಯಾನು ಹತ್ತಿ ಹೋಗಿ ಹಳೆಯ ಸ್ವಿಚ್‌ಗಳನ್ನು ಕೈಯಿಂದ ಎಳೆದರು.

2022ರ ಫೆಬ್ರುವರಿ 24ರ ನಸುಕಿನಲ್ಲಿ ಉಕ್ರೇನ್ ಪರೀಕ್ಷೆಗೆಂದು ರಷ್ಯಾದ ಜಾಲದಿಂದ ಕಳಚಿಕೊಂಡಿತ್ತು. ಕೆಲ ಗಂಟೆಗಳಲ್ಲಿ ದಾಳಿ ಶುರುವಾಯಿತು. ಮತ್ತೆ ಹಳೆಯ ಜಾಲಕ್ಕೆ ಮರಳಲಿಲ್ಲ. ಒಂಟಿಯಾಗಿ ನಡೆಸಿ ಮಾರ್ಚ್ 16ರಂದು ಯುರೋಪಿನ ಜಾಲಕ್ಕೆ ಬೆಸೆದುಕೊಂಡಿತು. ಆ ಶರತ್ಕಾಲದಿಂದ ಕ್ಷಿಪಣಿಗಳು ಹುಡುಕಿಕೊಂಡು ಬಂದದ್ದು ದೊಡ್ಡ ಸ್ಥಾವರಗಳನ್ನು ಮತ್ತು ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳನ್ನು. ಇಂಥ ಒಂದು ಟ್ರಾನ್ಸ್‌ಫಾರ್ಮರ್ ಹೊಸದಾಗಿ ಬರಲು ಶಾಂತಿಕಾಲದಲ್ಲೇ ವರ್ಷಗಟ್ಟಲೆ ಕಾಯಬೇಕು. ಚದುರಿದ ಸಣ್ಣ ಘಟಕ, ಆಸ್ಪತ್ರೆಯ ಚಾವಣಿಯ ಫಲಕ, ನೆರೆಯವರೊಂದಿಗೆ ಜೋಡಿಸಿದ ತಂತಿ, ಗೋದಾಮಿನಲ್ಲಿ ಧೂಳು ಹಿಡಿದ ಬಿಡಿಭಾಗ ಇವೇ ಅಲ್ಲಿ ಕೆಲಸಕ್ಕೆ ಬಂದವು.

ಬಡ ದೇಶಗಳಿಗೆ ಇದೆಲ್ಲ ಹೊಟ್ಟೆ ತುಂಬಿದವರ ಚರ್ಚೆ ಅಲ್ಲವೇ?

2022ರಲ್ಲಿ ಯುರೋಪ್ ಹೆಚ್ಚು ಬೆಲೆ ಕೂಗಿದಾಗ ಪಾಕಿಸ್ತಾನಕ್ಕೆ ಬರಬೇಕಿದ್ದ ದ್ರವೀಕೃತ ಅನಿಲದ ಹಡಗುಗಳು ಬರಲೇ ಇಲ್ಲ. ಮಾರಾಟಗಾರರಿಗೆ ಒಪ್ಪಂದ ಮುರಿದು ದಂಡ ಕಟ್ಟುವುದೇ ಲಾಭವಾಗಿತ್ತು. ಬಾಂಗ್ಲಾದೇಶದಲ್ಲೂ ಗಂಟೆಗಟ್ಟಲೆ ವಿದ್ಯುತ್ ಕಡಿತ. ಸಿರಿವಂತರ ಚಳಿ ಬಡವರ ಕತ್ತಲಾಯಿತು. ಹಾಗಾಗಿ ಈ ಚರ್ಚೆ ಅವರಿಗೇ ಹೆಚ್ಚು ಬೇಕು.

ಅದರ ಮುಂದಿನ ಕಥೆ ಇನ್ನೂ ಸ್ವಾರಸ್ಯ. ಪಾಕಿಸ್ತಾನದ ಜನ ಸರ್ಕಾರಕ್ಕೆ ಕಾಯಲಿಲ್ಲ. 2024ರ ಒಂದೇ ವರ್ಷದಲ್ಲಿ ಸುಮಾರು 17 ಗಿಗಾವ್ಯಾಟ್ ಸೌರ ಫಲಕಗಳು ಆ ದೇಶಕ್ಕೆ ಬಂದಿಳಿದವು. ಉಳ್ಳವರು ಚಾವಣಿಗೆ ಹಾಕಿಕೊಂಡು ಜಾಲದಿಂದ ದೂರವಾದಂತೆ, ಹಳೆಯ ಸ್ಥಾವರಗಳ ಸಾಲದ ಹೊರೆ ಫಲಕ ಕೊಳ್ಳಲಾಗದವರ ಬಿಲ್ಲಿಗೆ ಬಿತ್ತು. ಇನ್ನೊಂದು ಮೂಲಭೂತ ಅನ್ಯಾಯ ಬಡ್ಡಿಯದು. ಬಿಸಿಲಿನ ವಿದ್ಯುತ್ತಿಗೆ ಖರ್ಚೆಲ್ಲ ಮೊದಲ ದಿನವೇ. ಸಾಲದ ಬಡ್ಡಿ ಎರಡು ಪಟ್ಟಾದರೆ ಧಾರಾಳ ಬಿಸಿಲಿರುವ ದೇಶದ ವಿದ್ಯುತ್ತೂ ಮಂಜಿನ ದೇಶದ್ದಕ್ಕಿಂತ ತುಟ್ಟಿಯಾಗಬಹುದು.

ಕಲ್ಲಿದ್ದಲು ಬಿಟ್ಟ ದೇಶ ನಿಜಕ್ಕೂ ಗೆದ್ದಿದೆಯೇ? ಒಂದಾದರೂ ಉದಾಹರಣೆ ಕೊಡಿ.

ಬ್ರಿಟನ್. ಸಾರ್ವಜನಿಕರಿಗೆ ವಿದ್ಯುತ್ ಮಾರುವ ಕಲ್ಲಿದ್ದಲು ಸ್ಥಾವರ ಮೊದಲು ಎದ್ದದ್ದು ಲಂಡನ್ನಿನಲ್ಲಿ, 1882ರಲ್ಲಿ. 2012ರಲ್ಲೂ ಆ ದೇಶದ ವಿದ್ಯುತ್ತಿನ ಸುಮಾರು ಶೇ 40 ಕಲ್ಲಿದ್ದಲಿನದೇ. 2013ರಲ್ಲಿ ಇಂಗಾಲಕ್ಕೆ ಕನಿಷ್ಠ ದರ ಕಟ್ಟಿದರು, ಸಮುದ್ರದಲ್ಲಿ ಪವನಯಂತ್ರ ನೆಟ್ಟರು, ಮುಚ್ಚುವ ದಿನವನ್ನು ವರ್ಷಗಳ ಮೊದಲೇ ಸಾರಿದರು. 2024ರ ಸೆಪ್ಟೆಂಬರ್ 30ರಂದು ಕೊನೆಯ ಸ್ಥಾವರ ರ್ಯಾಟ್‌ಕ್ಲಿಫ್ ತಣ್ಣಗಾಯಿತು, ದೀಪಗಳು ಆರಲಿಲ್ಲ.

ಹವಾಮಾನದ ಲೆಕ್ಕದಲ್ಲಿ ಇದು ಗೆಲುವು, ಸಂಶಯವಿಲ್ಲ. ಆದರೆ ಕಲ್ಲಿದ್ದಲಿನ ಜಾಗದಲ್ಲಿ ಕುಳಿತವರಲ್ಲಿ ಅನಿಲವೂ ಒಂದು, ಮತ್ತು ಬ್ರಿಟನ್ನಿನ ವಿದ್ಯುತ್ ಹರಾಜಿನಲ್ಲಿ ಬಹುತೇಕ ಸಮಯ ಕೊನೆಗೆ ಬಂದು ದರ ನಿಗದಿ ಮಾಡುವುದು ಅದೇ. ಅಲ್ಲಿನ ಕಾರ್ಖಾನೆಗಳು ಕೊಡುವ ವಿದ್ಯುತ್ ದರ ಸಿರಿವಂತ ದೇಶಗಳಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿದೆ. ರ್ಯಾಟ್‌ಕ್ಲಿಫ್ ನಿಂತ ಅದೇ ದಿನ ವೇಲ್ಸ್‌ನ ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆಯಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುವ ಕೊನೆಯ ಊದುಕುಲುಮೆಯೂ ಆರಿತು. ಸಾವಿರಾರು ಜನರ ಕೆಲಸ ಅದರೊಂದಿಗೆ ಹೋಯಿತು. ಆ ಜಾಗಕ್ಕೆ ಗುಜರಿ ಉಕ್ಕನ್ನು ಕರಗಿಸುವ ವಿದ್ಯುತ್ ಕುಲುಮೆ ಬರಲಿದೆ. ಅದಕ್ಕೆ ಬೇಕಾಗುವ ವಿದ್ಯುತ್ತನ್ನು ಕೊಳ್ಳಬೇಕಾದದ್ದು ಅದೇ ಹರಾಜಿನಲ್ಲಿ.